ಸಿಳ್ಳೆಗಾಗಿ ಸೇರಿಸಿದ ಮಾತು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಮೂವತ್ತು ವರ್ಷ ಟಾಕೀಸಿನ ಪ್ರೊಜೆಕ್ಟರ್ ಕೋಣೆಯ ಅಂಗೈಯಗಲದ ಕಿಂಡಿಗೆ ಬಲಗಣ್ಣನ್ನಷ್ಟೇ ಇಟ್ಟು ಪರದೆಯನ್ನು ನೋಡಿ ನೋಡಿ, ಇನ್ನೊಂದು ಕಣ್ಣು ತನ್ನ ಕೆಲಸವನ್ನೇ ಮರೆತಂತಿತ್ತು. ಟಾಕೀಸು ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಮಂಡಿ ಮೊಹಲ್ಲಾದ ಪಾಲಿಗೆ ಅವರು ಆಪರೇಟರೇ. ನನಗೆ ಆಪರೇಟರ್ ತಾತ.

ಭಾನುವಾರ ಮಧ್ಯಾಹ್ನ, ಮಂಡಿಗೆ ರಜೆಯಿದ್ದಾಗ, ಒಣಮೆಣಸಿನಕಾಯಿ ಗೋದಾಮೊಂದರ ಕಿಟಕಿಗಳಿಗೆ ಗೋಣಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಗಿದು ಅವರು ಇಂಗ್ಲಿಷ್ ಚಿತ್ರ ತೋರಿಸುತ್ತಿದ್ದರು. ಹಮಾಲರು, ದರ್ಜಿಗಳು, ನನ್ನ ಅಮ್ಮನಂತೆ ಊದುಬತ್ತಿ ಹೊಸೆಯುವ ಹೆಂಗಸರು ಮೂಟೆಗಳಿಗೆ ಒರಗಿ ಕೂರುತ್ತಿದ್ದರು. ಮೆಣಸಿನ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು; ಹಾಸ್ಯದ ದೃಶ್ಯಕ್ಕೂ ಅತ್ತುಕೊಂಡೇ ನಗುವ ಪ್ರೇಕ್ಷಕರು ಬೇರೆಲ್ಲೂ ಇದ್ದಿರಲಾರರು. ಓಡುತ್ತಿದ್ದದ್ದು ಡಿವಿಡಿಯಾದರೂ ಹತ್ತು ನಿಮಿಷದ ಇಂಟರ್ವಲ್ ತಪ್ಪುತ್ತಿರಲಿಲ್ಲ. ಕೇಳಿದರೆ, "ರೀಲು ತಣ್ಣಗಾಗ್ಬೇಡ್ವಾ?" ಎನ್ನುತ್ತಿದ್ದರು.

ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ತಾತ ಪರದೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಪ್ರತಿ ಪಾತ್ರದ ಮಾತನ್ನೂ ಆಗಿಂದಾಗಲೇ ನಮ್ಮ ಕನ್ನಡಕ್ಕೆ ತಿರುಗಿಸುತ್ತಿದ್ದರು. ಟಾಕೀಸಿನಲ್ಲಿ ಒಂದೇ ಚಿತ್ರವನ್ನು ದಿನಕ್ಕೆ ನಾಲ್ಕು ಆಟದಂತೆ ವಾರಕ್ಕೆ ಇಪ್ಪತ್ತೆಂಟು ಬಾರಿ ಕೇಳಿ ಕಲಿತ ಇಂಗ್ಲಿಷ್ ಅದು.

ಅವರಿಗೆ ಅತ್ಯಂತ ಪ್ರಿಯವಾದದ್ದು ಷೇರುಪೇಟೆಯ ದುರಾಸೆಯನ್ನು ಕುರಿತ ಒಂದು ಹಳೆಯ ಚಿತ್ರ. ಅದರಲ್ಲಿ ಊರನ್ನೇ ಕೊಂಡು ಮಾರಬಲ್ಲ ಒಬ್ಬ ಭಾರಿ ಕುಳ; ಅವನಂತಾಗಲು ಹೊರಟು ತನ್ನವರನ್ನೇ ಕಳೆದುಕೊಳ್ಳುವ ಒಬ್ಬ ತರುಣ. ಆ ಕುಳ ಸಭೆಯಲ್ಲಿ ಮಾತಿಗೆ ನಿಂತಾಗ ತಾತನೂ ಎದ್ದು ನಿಲ್ಲುತ್ತಿದ್ದರು.

"ನೋಡ್ರಪ್ಪಾ, ಏನಂತಾವ್ನೆ ಗೊತ್ತಾ? ಹಸಿವಿದ್ದೋನು ದುಡೀತಾನೆ, ಆಸೆ ಇದ್ದೋನು ಆಳ್ತಾನೆ."

ಗೋದಾಮು ಸಿಳ್ಳೆಯಿಂದ ಬಿರಿಯುತ್ತಿತ್ತು. "ಇನ್ನೊಂದ್ಸಲ ಹಾಕಿ ಆಪರೇಟ್ರೇ," ಎಂದು ಹಿಂದಿನ ಸಾಲು ಒತ್ತಾಯಿಸುತ್ತಿತ್ತು. ತಾತ ಹಾಕುತ್ತಿದ್ದರು. ನಾವು ಚಪ್ಪಾಳೆ ಹೊಡೆಯುತ್ತಿರುವುದು ಖಳನಿಗೆ ಎಂದು ಯಾರಿಗೂ ಅನ್ನಿಸಲಿಲ್ಲ.

ನಾನು ಪಿಯುಸಿಯ ಮೊದಲ ವರ್ಷದಲ್ಲಿದ್ದಾಗ ಏಜೆಂಟನೊಬ್ಬ ಮನೆಗೆ ಬಂದ. ಮಂಡಕಳ್ಳಿಯ ವಿಮಾನ ನಿಲ್ದಾಣದ ಬಳಿ ಬಡಾವಣೆ ಮಾಡುತ್ತೇವೆ, ಈಗ ಕಟ್ಟಿದ ಹಣ ವರ್ಷದೊಳಗೆ ಇಮ್ಮಡಿಯಾಗುತ್ತದೆ ಎನ್ನುವ ಕಂಪನಿಯೊಂದರವನು. ನನ್ನ ಕಾಲೇಜಿಗೆಂದು ಕೂಡಿಟ್ಟಿದ್ದನ್ನು ಮುಟ್ಟಲು ಅಮ್ಮ ಹಿಂಜರಿದಳು. ಅವನು ನಕ್ಕ.

"ಅಕ್ಕಾ, ಹಸಿವಿದ್ದೋರು ದುಡೀತಾರೆ, ಆಸೆ ಇದ್ದೋರು ಆಳ್ತಾರೆ. ಇನ್ನೂ ಎಷ್ಟ್ ವರ್ಸ ಬತ್ತಿ ಹೊಸೀತೀರಾ?"

ಅವನೂ ಗೋದಾಮಿನ ಪ್ರೇಕ್ಷಕನೇ ಆಗಿದ್ದ. ಅಮ್ಮ ತಾನೇ ಸಿಳ್ಳೆ ಹೊಡೆದಿದ್ದ ಮಾತಿಗೆ ಹೇಗೆ ಇಲ್ಲವೆನ್ನಬೇಕು? ಸಹಿ ಹಾಕಿದಳು. ನಮ್ಮ ಬೀದಿಯ ಹದಿನೈದು ಮನೆಗಳಲ್ಲಿ ಹೀಗೆಯೇ ಸಹಿ ಬಿತ್ತು. ನನ್ನ ಪಿಯುಸಿ ಮುಗಿಯುವ ಹೊತ್ತಿಗೆ ರಾಮಕೃಷ್ಣನಗರದಲ್ಲಿದ್ದ ಕಂಪನಿಯ ಕಚೇರಿಗೆ ಬೀಗ ಬಿದ್ದಿತ್ತು; ಬಡಾವಣೆಗೆ ನೆಲವೇ ಇರಲಿಲ್ಲ.

ಬೀದಿಯೆಲ್ಲ ಏಜೆಂಟನನ್ನು ಶಪಿಸುತ್ತಿದ್ದ ಆ ದಿನಗಳಲ್ಲಿ, ಅವನು ಯಾವ ಮಾತು ಹೇಳಿ ತನ್ನನ್ನು ಒಪ್ಪಿಸಿದನೆಂಬುದನ್ನು ಅಮ್ಮ ತಾತನಿಗೆ ತಿಳಿಸಿದಳು.

"ಆ ಮಾತು ಸಿನಿಮಾದಲ್ಲೇ ಇಲ್ಲ ಕಣವ್ವ. ಸಿಳ್ಳೆ ಬೀಳ್ಲಿ ಅಂತ ನಾನೇ ಸೇರ್ಸಿದ್ದು."

"ಬುಡಿ ಅಣ್ಣಾ. ನೀವೇನ್ ನನ್ ಕೈ ಹಿಡ್ದು ಸಹಿ ಹಾಕಿಸಿದ್ರಾ?"

"ಕೈ ಹಿಡೀಲಿಲ್ಲ. ಕಿವಿ ಹಿಡ್ದೆ."

ಮುಂದಿನ ಭಾನುವಾರ ಅದೇ ಚಿತ್ರ ಹಾಕಿ, ಅದೇ ದೃಶ್ಯದಲ್ಲಿ ನಿಲ್ಲಿಸಿ, ಆ ಮಾತು ತಾವೇ ಸೇರಿಸಿದ್ದೆಂದು ಎಲ್ಲರೆದುರು ಹೇಳಿದರು. "ದುಡ್ಡೂ ಹೋಯ್ತು, ಈಗ ಡೈಲಾಗೂ ಹೋಯ್ತಾ ಆಪರೇಟ್ರೇ?" ಎಂದು ದರ್ಜಿಯೊಬ್ಬ ಕಿಚಾಯಿಸಿದ. ಕೆಲವರು ನಕ್ಕರು. ತಾತ ನಗಲಿಲ್ಲ.

ಹಣ ಕಳೆದುಕೊಂಡವರೆಲ್ಲರ ಪರವಾಗಿ ಪೊಲೀಸರಿಗೆ ದೂರು ಬರೆಯಲು ಅವರು ನನ್ನನ್ನು ಕೂರಿಸಿದರು. ನಾನು ಕಂಪನಿಯ ವಂಚನೆಯಿಂದ ಆರಂಭಿಸಿದ್ದೆ. ಅವರು ಹಾಳೆಯ ಮೇಲೆ ಕೈಯಿಟ್ಟರು.

"ಮೊದ್ಲು ನಂದು ಬರಿ ಕಣಮ್ಮ."

"ನಿಮ್ದೇನ್ ತಾತ? ನೀವು ಒಂದ್ ರೂಪಾಯಿ ಮುಟ್ಟಿಲ್ಲ."

"ಅವ್ರ ತಪ್ಪು ಕೇಳೋಕ್ ಮುಂಚೆ ನಮ್ ತಪ್ಪು ಹೇಳ್ಬುಡ್ಬೇಕು. ಆಮೇಲ್ ನೋಡು, ದನಿ ಎಷ್ಟ್ ಗಟ್ಟಿಯಾಗ್ ಬರ್ತದೆ."

ಠಾಣೆಯ ಅಧಿಕಾರಿ ಅದನ್ನು ಓದಿ ತಾತನ ಮುಖ ನೋಡಿದರು. "ಯಜಮಾನ್ರೇ, ಇದು ದೂರೋ, ತಪ್ಪೊಪ್ಪಿಗೆನೋ?"

"ಎರಡೂ ಸಾರ್. ಎರಡಕ್ಕೂ ರಸೀತಿ ಕೊಡಿ."

ಹಣ ಮರಳಲಿಲ್ಲ. ಒಂದು ವರ್ಷ ನಾನು ಅಮ್ಮನ ಪಕ್ಕದಲ್ಲಿ ಕೂತು ಬತ್ತಿ ಹೊಸೆದೆ; ಆಮೇಲೆ ವಿದ್ಯಾರ್ಥಿವೇತನ ದೊರೆತು ಕಾಲೇಜು, ವಿಶ್ವವಿದ್ಯಾನಿಲಯ ಕಂಡೆ. ತಾತ ಮಾತ್ರ ತಿಂಗಳಿಗೊಮ್ಮೆ, ಒಗೆದ ಬಿಳಿ ಅಂಗಿ ತೊಟ್ಟು, ದೂರು ಏನಾಯಿತೆಂದು ಕೇಳಲು ಠಾಣೆಯ ಬೆಂಚಿನ ಮೇಲೆ ಹೋಗಿ ಕೂರುವುದನ್ನು ಕೊನೆಯವರೆಗೂ ಬಿಡಲಿಲ್ಲ. ಹೋದ ವರ್ಷ ತೀರಿಕೊಂಡರು.

ನಾನು ಬರೆದ ಮೊದಲ ಗದ್ಯ ಆ ದೂರು. ಅದರ ಋಣ ನನ್ನ ಮೇಲಿದೆ. ಆದ್ದರಿಂದಲೇ ತಪ್ಪು ಯಾರದೆಂದು ಕೇಳುವುದನ್ನು ನಿಲ್ಲಿಸಲಾರೆ. ಕಂಪನಿಯ ಮಾಲೀಕರು ಜಾಮೀನು ಪಡೆದು, ಬೇರೆ ಹೆಸರಿನಲ್ಲಿ ಬೇರೆ ಬಡಾವಣೆ ಮಾರುತ್ತಿದ್ದಾರೆ. ಇಲ್ಲದ ನೆಲಕ್ಕೆ ನಕ್ಷೆ ಮಂಜೂರು ಮಾಡಿದ ಅಧಿಕಾರಿ ಹಾರ ಹಾಕಿಸಿಕೊಂಡು ನಿವೃತ್ತರಾದರು. ಏಜೆಂಟ್ ತಾನು ಸಂಬಳದವನೆಂದ. ಇಷ್ಟು ವರ್ಷಗಳಲ್ಲಿ ದಪ್ಪವಾಗುತ್ತಲೇ ಹೋದ ಆ ಕಡತದಲ್ಲಿ, ತಪ್ಪು ನನ್ನದು ಎಂಬ ವಾಕ್ಯದ ಕೆಳಗೆ ಇವತ್ತಿಗೂ ಒಂದೇ ಒಂದು ಸಹಿಯಿದೆ. ಅದು ಒಂದು ಪೈಸೆಯನ್ನೂ ಮುಟ್ಟದವರದು.