ಗೇಟಮ್ಮ ಮತ್ತು ಹನ್ನೊಂದು ಕೂಸುಗಳು

ನಮ್ಮೂರ ಹಳೆಯ ಟಾಕೀಸಿಗೆ ಎರಡು ಬಾಗಿಲು. ಗಂಡಸರದು ದೊಡ್ಡ ರಸ್ತೆಗೆ, ಹೆಂಗಸರದು ಪಕ್ಕದ ಓಣಿಗೆ. ಓಣಿಯ ಬಾಗಿಲಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದವಳು ಗೇಟಮ್ಮ. ಅವಳ ಗಂಡ ಅದೇ ಕಟ್ಟಡದ ಮಹಡಿಯಲ್ಲಿ ಸಿನಿಮಾ ಯಂತ್ರ ನಡೆಸುವವನು. ಆಟ ಯಾವಾಗ ಶುರು ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಮೇಲಿರೋನ ಇಚ್ಛೆ," ಎನ್ನುತ್ತಿದ್ದಳು. ಕೇಳಿದವರು ಕೈಮುಗಿದದ್ದೂ ಉಂಟು.

ಆ ಟಾಕೀಸಿನ ಹಣೆಬರಹ ಅಷ್ಟಕ್ಕಷ್ಟೆ. ಮೊದಲು ಅದು ಹತ್ತಿಯ ಗೋದಾಮು, ಆಮೇಲೆ ನಾಟಕದ ಕೊಟ್ಟಿಗೆ. ನಾಟಕದವರು ರಂಗದ ಮೇಲೆ ನಿಜವಾಗಿಯೇ ಹೊಡೆದಾಡಿಕೊಂಡು ಊರು ಬಿಟ್ಟ ಮೇಲೆ ಸಿನಿಮಾ ಬಂತು. ಒಮ್ಮೆ ಖಳನಾಯಕನ ಮೇಲೆ ಯಾರೋ ಎಸೆದ ಬೀಗದ ಕೈ ಗೊಂಚಲು ಪರದೆಯನ್ನು ಸೀಳಿತು. ಹೊಲಿಗೆ ಹಾಕಿದ ಮೇಲೆ ಬಂದ ನಾಯಕಿಯರಿಗೆಲ್ಲ ಕೆನ್ನೆಯಲ್ಲೊಂದು ಗಾಯದ ಗುರುತು. ಮಳೆ ಬಂದರೆ ತಗಡಿನ ಮಾಡು ಮಾತಾಡುತ್ತಿತ್ತು, ನಟರು ಬರೀ ಬಾಯಿ ಆಡಿಸುತ್ತಿದ್ದರು.

ಇಷ್ಟಾದರೂ ಮಧ್ಯಾಹ್ನದ ಆಟಕ್ಕೆ ಹೆಂಗಸರು ಕಿಕ್ಕಿರಿಯುತ್ತಿದ್ದುದು ಗೇಟಮ್ಮನಿಂದ. ಬಾಗಿಲ ಪಕ್ಕ ಅವಳು ಒಂದು ಉದ್ದ ಬೆಂಚನ್ನು ಗೋಡೆಗೆ ಮುಖಮಾಡಿ ತಳ್ಳಿ ಇಟ್ಟಿದ್ದಳು. ಒಂದು ಕಡೆ ಒರಗು, ಇನ್ನೊಂದು ಕಡೆ ಗೋಡೆ. ಕೂಸು ಉರುಳಲು ದಾರಿಯೇ ಇಲ್ಲ. ಒಳಗೆ ಅಳುವ ಕೂಸನ್ನು ತಾಯಿ ಹೊರತಂದು ಗೇಟಮ್ಮನ ಕೈಗೆ ಹಾಕಿ, ನಿಶ್ಚಿಂತೆಯಾಗಿ ತನ್ನ ಸ್ವಂತ ಅಳುವಿಗೆ ಮರಳುತ್ತಿದ್ದಳು. ಸಿನಿಮಾ ಎಂದರೆ ಪಾಪ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದುದು ಸುಳ್ಳಲ್ಲ. ಬೆಂಚಿನ ತುಂಬ ಪಾಪಗಳೇ.

"ಯಾವುದು ಯಾರದು ಅಂತ ಹೇಗೆ ಗೊತ್ತಾಗುತ್ತೆ ನಿಂಗೆ?" ಎಂದು ಗಂಡ ಕೇಳುತ್ತಿದ್ದ.

"ಅಳು ಕೇಳಿದ್ರೆ ಸಾಕು ರೀ. ಒಂದೊಂದರದೂ ಒಂದೊಂದು ರಾಗ."

ಆ ವಿದ್ಯೆ ಕೈಕೊಟ್ಟದ್ದು ಒಂದು ಶುಕ್ರವಾರ. ಪರದೆಯ ಮೇಲೆ ನಾಯಕಿ ಕಳೆದುಹೋದ ಮಗನನ್ನು ಇನ್ನೇನು ಗುರುತಿಸಬೇಕು, ಮಹಡಿಯಲ್ಲಿ ರೀಲಿಗೆ ಬೆಂಕಿ ಹತ್ತಿತು. ಗಂಡ ಮರಳು ಸುರಿದು ಆರಿಸಿದ. ಸುಟ್ಟದ್ದು ನಾಲ್ಕು ಮೊಳ ರೀಲು, ಅವನ ಒಂದು ಹುಬ್ಬು. ಆದರೆ ಹೊಗೆ ಕೆಳಗಿಳಿಯಿತು. ಅಂದು ಓಡಿದ್ದು ಚಿತ್ರವಲ್ಲ, ಪ್ರೇಕ್ಷಕರು. ಬೆಂಚಿನ ಮೇಲೆ ಹನ್ನೊಂದು ಕೂಸುಗಳಿದ್ದವು. ಗೇಟಮ್ಮ ಕದಲಲಿಲ್ಲ. ಒಂದೊಂದನ್ನೇ ಎತ್ತಿ ತಾಯಂದಿರ ಕೈಗೆ ದಾಟಿಸಿದಳು. ಹನ್ನೊಂದೂ ಒಟ್ಟಿಗೆ ಕಿರುಚುವಾಗ ರಾಗ ಹಿಡಿಯುವುದೆಲ್ಲಿ?

ಹನ್ನೊಂದೂ ಉಳಿದವು. ಎರಡು ಅದಲುಬದಲಾದವು.

ದರ್ಜಿಯ ಹೆಂಡತಿ ಮನೆಗೆ ಹೋಗಿ ಬಟ್ಟೆ ಬಿಚ್ಚಿದರೆ, ಮಗಳು ಮಗನಾಗಿದ್ದಳು. ಅವಳ ಅತ್ತೆ, "ಇರ್ಲಿ ಬಿಡೇ, ಕೇಳ್ಕೊಂಡು ಬಂದ್ರೆ ಕೊಟ್ರಾಯ್ತು," ಎಂದಳಂತೆ. ಕೇಳಿಕೊಂಡು ಬಂದರು: ಮುಂದೆ ಅಂಚೆಯವನ ಹೆಂಡತಿ, ಅವಳ ಕಂಕುಳಲ್ಲಿ ದರ್ಜಿಯ ಮಗಳು, ಹಿಂದೆ ಅರ್ಧ ಓಣಿ. ಸಂಜೆಯೊಳಗೆ ಮಕ್ಕಳು ಮನೆ ಸೇರಿದರು, ಸುದ್ದಿ ಊರು ಸೇರಿತು.

ಮಾಲೀಕರು ಗೇಟಮ್ಮನನ್ನು ಕರೆಸಿದರು. "ಟಾಕೀಸು ಸುಟ್ಟಿದ್ರೆ ಕಟ್ಟಿಸ್ಬಹುದಿತ್ತು ಕಣಮ್ಮ. ಹೆಂಗಸರಿಗೆ ನಿನ್ನ ಮೇಲೆ ನಂಬಿಕೆ ಹೋದ್ರೆ ಏನು ಮಾಡ್ಲಿ? ರಿಪೇರಿ ಆದ್ಮೇಲೆ ಮೊದಲನೇ ಆಟ ನೋಡ್ತೀನಿ. ಬೆಂಚು ಖಾಲಿ ಇದ್ರೆ ಆ ಬಾಗಿಲಿಗೆ ಗೋಡೆ ಎಬ್ಬಿಸ್ತೀನಿ."

ಗಂಡ ಸಮಾಧಾನ ಹೇಳಿದ. "ಹನ್ನೊಂದಕ್ಕೆ ಒಂಬತ್ತು ಸರಿ ಇತ್ತಲ್ಲೇ. ಪರೀಕ್ಷೆ ಆಗಿದ್ರೆ ಫಸ್ಟ್ ಕ್ಲಾಸು."

"ನೀವು ಸುಮ್ನಿರಿ, ಒಂಟಿಹುಬ್ಬು."

ಮೂರು ವಾರ ಅವಳಿಗೆ ಅನ್ನ ಸೇರಲಿಲ್ಲ. ದಾರಿಯಲ್ಲಿ ಕೂಸು ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ಉಂಡೆ ದಾರ ಕೊಂಡು ತಂದಳು. ಹರಿದ ಟಿಕೆಟಿನ ಅರ್ಧ ತಾಯಿಗೆ, ಇನ್ನರ್ಧ ಕೂಸಿನ ಕಾಲಿಗೆ.

ಕೊನೆ ನೋಡದೆ ಓಡಿದವರಿಗಾಗಿ ಅದೇ ಚಿತ್ರ ಮತ್ತೆ ಹಾಕಿದರು. ಹೆಂಗಸರು ಬಂದರು, ಗೇಟಮ್ಮ ತೋರಿಸಿದ ದಾರ ನೋಡಿ ನಕ್ಕರು, ಕೂಸುಗಳನ್ನು ಅವುಚಿಕೊಂಡೇ ಒಳಗೆ ಹೋದರು. ಓಣಿಯಲ್ಲಿ ಮಾಲೀಕರು ಗಾರೆ ಮೇಸ್ತ್ರಿಯನ್ನು ಕರೆದುಕೊಂಡೇ ನಿಂತಿದ್ದರು. ಮೇಸ್ತ್ರಿ ಬಾಗಿಲಿನ ಅಗಲ ಅಳೆಯತೊಡಗಿದ. ಒಳಗೆ ಹದಿನಾಲ್ಕು ಕೂಸುಗಳ ಮೇಳದಲ್ಲಿ ನಾಯಕಿಯ ಗೋಳನ್ನು ಕೇಳುವವರಿಲ್ಲ.

ಅರ್ಧ ಗಂಟೆಯ ಹೊತ್ತಿಗೆ ದರ್ಜಿಯ ಹೆಂಡತಿ ಹೊರಬಂದಳು. ಗೇಟಮ್ಮ ಎದ್ದು ನಿಂತಳು, ತಲೆ ಎತ್ತಲಿಲ್ಲ.

"ಹಿಡ್ಕೊಳ್ಳಿ ಅಕ್ಕಾ."

"ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಗೇ ಕೊಡ್ತೀಯೇನಮ್ಮ?"

"ಆ ಹೊಗೇಲಿ ನಾನು ಚಪ್ಪಲಿ ಹುಡುಕ್ತಾ ಕೂತಿದ್ದೆ. ನೀವು ಮಗು ಹಿಡ್ಕೊಂಡು ನಿಂತಿದ್ರಿ," ಎಂದಳು ಅವಳು. "ಒಳಗಿರೋರಿಗೂ ಅದು ಗೊತ್ತು. ಒಪ್ಪಿಕೊಳ್ಳೋಕೆ ನಾಚಿಕೆ, ಅಷ್ಟೆ."

ಗೇಟಮ್ಮ ಕೂಸಿನ ಕಾಲಿಗೆ ಎರಡೆರಡು ಗಂಟು ಹಾಕಿ ದಾರ ಕಟ್ಟಿದಳು. ದರ್ಜಿಯ ಹೆಂಡತಿ ಬಗ್ಗಿ ನೋಡಿ, "ಗಂಟು ಸ್ವಲ್ಪ ಸಡಿಲ ಮಾಡಿ," ಎಂದವಳೇ, ತನ್ನ ಪಾಲಿನ ಅರ್ಧ ಟಿಕೆಟನ್ನು ಬೆಂಚಿನ ಮೇಲೇ ಮರೆತು ಒಳಗೋಡಿದಳು.

ಅವಳು ಬರಿಗೈಯಲ್ಲಿ ಕೂತದ್ದು ಕಂಡು ಅಂಚೆಯವನ ಹೆಂಡತಿ ಎದ್ದು ಬಂದಳು, ಅವಳ ಹಿಂದೆ ಉಳಿದವರು. ಇಂಟರ್ವಲ್ ಹೊತ್ತಿಗೆ ಬೆಂಚು ತುಂಬಿ, ಗೇಟಮ್ಮನ ಮಡಿಲಲ್ಲಿ ಎರಡು ಹೆಚ್ಚಾಗಿದ್ದವು. ಮಾಲೀಕರು ಇಣುಕಿದರು.

"ಸುಮ್ನೆ ನಿಂತಿದ್ದೀರಲ್ಲ ಧಣಿ, ಇದೊಂದನ್ನ ಹಿಡ್ಕೊಳ್ಳಿ," ಎಂದು ಗೇಟಮ್ಮ ಒಂದನ್ನು ಅವರ ಕೈಗಿಟ್ಟಳು. "ಕೊಡುವಾಗ ಕಾಲು ನೋಡಿ ಕೊಡಿ, ಮುಖ ನೋಡಿ ಅಲ್ಲ."