ಡಿಸ್ಕಪ್ಪನ ಚೀಟಿ

ದಾಖಲೆ ಕಚೇರಿಯ ಕಂಪ್ಯೂಟರಿನಲ್ಲಿ ನಾಲ್ಕು ಡಿಸ್ಕುಗಳು. ನಾಲ್ಕನ್ನೂ ಒಂದಾಗಿ ದುಡಿಸುವುದು ಒಳಗಿನ ಒಂದು ಸರ್ಕ್ಯೂಟ್ ಕಾರ್ಡು. ಹನ್ನೊಂದು ವರ್ಷದ ಹಿಂದೆ ಅದನ್ನು ಕೂರಿಸಿದವನು ಕಂಪ್ಯೂಟರ್ ನೋಡಿಕೊಳ್ಳುವ ಡಿಸ್ಕಪ್ಪ. ಮಹಾ ಬುದ್ಧಿವಂತ! ಬೇಕೆಂದೇ ಡಿಸ್ಕುಗಳ ತಂತಿಗಳನ್ನು ಅದಕ್ಕೆ ಅದಲುಬದಲಾಗಿ ಸಿಕ್ಕಿಸಿ, ಆ ಕ್ರಮವನ್ನು ಎಲ್ಲೂ ಬರೆದಿಡಲಿಲ್ಲ. ಕ್ರಮ ತಪ್ಪಿದರೆ ಒಂದು ಕಡತವೂ ತೆರೆಯದು. ತನ್ನನ್ನು ಯಾರೂ ಕೆಲಸದಿಂದ ತೆಗೆಯಬಾರದೆಂಬ ಉಪಾಯ ಅದು. ಯಾರೂ ತೆಗೆಯಲಿಲ್ಲ, ನಿಜ. ಹೋಗಲೂ ಬಿಡಲಿಲ್ಲ. ಹೆಂಡತಿ ಕೆಲಸ ಮಾಡುವ ಊರಿಗೆ ವರ್ಗ ಕೇಳಿ ಹಾಕಿದ ಆರು ಅರ್ಜಿಗಳೂ ಮೂಲೆ ಸೇರಿದವು.

"ಆ ಡಬ್ಬಾನೇ ಕಟ್ಕೊಂಡು ಬಾಳಿ," ಎಂದು ಅವಳು ಫೋನಿನಲ್ಲಿ ರೇಗಿದಳು.

ಇಂದು ಬೆಳಿಗ್ಗೆ ಕಾರ್ಡು ಸುಟ್ಟುಹೋಯಿತು. ಡಿಸ್ಕಪ್ಪ ಹೊಸದನ್ನು ಕೂರಿಸಿ ಮೂರು, ಒಂದು, ನಾಲ್ಕು, ಎರಡು ಎಂದು ತಂತಿ ಸಿಕ್ಕಿಸಿದ. ಡಿಸ್ಕುಗಳಲ್ಲಿರುವ ಹಳೆಯ ಮಾಹಿತಿಯನ್ನು ಉಳಿಸಲೇ, ಅಳಿಸಲೇ ಎಂದು ಪರದೆ ಕೇಳಿತು. ಉಳಿಸಿದ. ಹೋದ ಜೀವ ಬಂದಂತೆ ಕಡತಗಳೆಲ್ಲ ತೆರೆದುಕೊಂಡವು.

ಏಳನೆಯ ಅರ್ಜಿಯ ಜೊತೆ ಆ ಕ್ರಮ ಬರೆದ ಚೀಟಿಯನ್ನೂ ಸಾಹೇಬರ ಮುಂದಿಟ್ಟ. "ಇನ್ನು ಯಾರು ಬೇಕಾದ್ರೂ ಮಾಡಬಹುದು ಸಾರ್."

ಸಾಹೇಬರು ಓದಿ ಹೌಹಾರಿದರು. ಚೀಟಿಯನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕಿದರು.

"ಇಂಥದ್ದನ್ನೆಲ್ಲ ಬರೆದಿಡ್ತಾರೇನ್ರೀ? ಯಾರ ಕೈಗಾದ್ರೂ ಸಿಕ್ಕಿದ್ರೆ? ನಿಮ್ಮ ತಲೇಲೇ ಇರ್ಲಿ."