ಅವನ ಹೆಸರಿನ ತಿದ್ದುಪಡಿ

ಬೇರೆ ಬಗೆಯ ಕಂಪ್ಯೂಟರ್ ಚಿಪ್ಪಿಗೆ ಪ್ರೋಗ್ರಾಂ ತಯಾರಿಸುವ ಕ್ರಾಸ್ ಕಂಪೈಲರೊಂದರ ಪ್ಯಾಕೇಜನ್ನು ಆಗ ನಾನೂ ನನ್ನ ಸಹಪಾಠಿಯೊಬ್ಬನೂ ಪುಕ್ಕಟೆ ನೋಡಿಕೊಳ್ಳುತ್ತಿದ್ದೆವು. ಕಮಲಾಪುರದ ಮನೆಯಲ್ಲಿ ಕೂತು ಕೋಡಿನಿಂದ ಪ್ರೋಗ್ರಾಂ ಕಟ್ಟುವ ಬಿಲ್ಡ್ ಕೆಟ್ಟರೆ ಸರಿಮಾಡಿ, ಫ್ಲಾಪಿಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುವವನು ನಾನು. ಕಲಬುರಗಿಯಲ್ಲಿ ಇಂಟರ್‌ನೆಟ್ ಇದ್ದ ಆ ಸಹಪಾಠಿ ಇಬ್ಬರ ಬ್ರ್ಯಾಂಚುಗಳನ್ನು, ಅಂದರೆ ಬೇರೆಬೇರೆಯಾಗಿ ತಿದ್ದಿದ ಪ್ರತಿಗಳನ್ನು, ಮರ್ಜ್ ಮಾಡಿ ಒಂದಾಗಿಸುತ್ತಿದ್ದ. ಎಲ್ಲಿ ನಮ್ಮ ಸಾಲುಗಳು ಹೊಂದುತ್ತಿರಲಿಲ್ಲವೋ ಅಲ್ಲೆಲ್ಲ ತನ್ನದನ್ನೇ ಉಳಿಸುತ್ತಿದ್ದ. ನನ್ನ ಒಂದೇ ತಿದ್ದುಪಡಿ ಮೂರು ಸಲ ಅಳಿಸಿಹೋಯಿತು. ನಾನೇ ಬಸ್ಸು ಹತ್ತಿ ಹೋಗಿ ಕೇಳಿದೆ.

“ನಿಂದೆಲ್ಲಾ ಓದ್ಕೋತ ಯಾರು ಕುಂದ್ರಬೇಕು? ನಂದೇ ಇಟ್ಟೀನಿ,” ಅಂದ, ಚಹಾದ ಬಸಿಯಿಂದ ತಲೆ ಎತ್ತದೆ.

ನಾಲ್ಕನೆಯ ಸಲ ಅದೇ ತಿದ್ದುಪಡಿಗೆ, ಬರೆದವನ ಜಾಗದಲ್ಲಿ ಅವನ ಹೆಸರು ಹಾಕಿ ಕಳಿಸಿದೆ. ಒಂದು ಚುಕ್ಕೆಯೂ ಅಳಿಯಲಿಲ್ಲ. ಬಿಲ್ಡ್ ಓಡಿತು.

“ಕಡೀಗಿ ನಾನೇ ಸರಿ ಮಾಡಬೇಕಾತು ನೋಡು,” ಅಂದ ಪುಣ್ಯಾತ್ಮ.